ಸೋಯಾ–ನೋರಿ ಪಾರ್ಟಿ ಮಿಕ್ಸ್ಚರ್: ಒದ್ದೆ ರುಚಿಯನ್ನು ಗರಿಗರಿ ತಿಂಡಿಗೆ ಹತ್ತಿಸುವ ಬಗೆ

ಮಿಕ್ಸ್ಚರ್ ಮಾಡುವುದು ನಮಗೆ ಹೊಸದಲ್ಲ. ಬಾಣಲೆಗೆ ಒಗ್ಗರಣೆ ಇಟ್ಟು, ಅವಲಕ್ಕಿಯೋ ಮಂಡಕ್ಕಿಯೋ ಸುರಿದು, ಉಪ್ಪು, ಅರಿಶಿನ, ಖಾರದ ಪುಡಿ, ಚಿಟಿಕೆ ಸಕ್ಕರೆ ಉದುರಿಸಿದರೆ ಆಯಿತು. ಅಲ್ಲಿ ಬೀಳುವ ಮಸಾಲೆಯೆಲ್ಲ ಒಣ ಪುಡಿ. ಅದನ್ನು ಹಿಡಿದಿಡುವುದು ಎಣ್ಣೆ. ನೀರಿನ ಹನಿ ಎಲ್ಲೂ ಸೋಕುವುದಿಲ್ಲ.

ಜಪಾನಿ ರುಚಿಯ ಪಾರ್ಟಿ ಮಿಕ್ಸ್ ತೊಡಕಾಗುವುದು ಇಲ್ಲೇ. ಅದರ ಜೀವಾಳ ಸೋಯಾ ಸಾಸ್, ಸೋಯಾ ಸಾಸ್‌ನ ಬಹುಪಾಲು ನೀರು. ಒಂದು ಹಿಡಿ ಮಂಡಕ್ಕಿಯ ಮೇಲೆ ಒಂದು ಚಮಚ ಸೋಯಾ ಸಾಸ್ ನೇರವಾಗಿ ಸುರಿದು ನೋಡಿ. ಬಿದ್ದ ಜಾಗದ ಕಾಳು ಅರೆಗಳಿಗೆಯಲ್ಲಿ ಮುದುಡಿ ಕಂದು ತೊಗಲಿನ ಚೂರಿನಂತಾಗುತ್ತದೆ, ಪಕ್ಕದ ಕಾಳು ಬೆಳ್ಳಗೆ, ಸಪ್ಪೆಯಾಗಿ ಕೂತಿರುತ್ತದೆ. ಬಳ್ಳಾರಿ, ದಾವಣಗೆರೆ ಕಡೆ ಸೂಸಲಕ್ಕೆ ಮಂಡಕ್ಕಿ ನೆನೆಸಿ ಹಿಂಡುವುದು ಈ ಗುಣವನ್ನೇ ನಂಬಿ. ನಮಗೆ ಇಲ್ಲಿ ಬೇಕಿರುವುದು ಅದರ ತದ್ವಿರುದ್ಧ. ಹಾಗಾಗಿ ಕೆಳಗೆ ಹೇಳುವ ಪ್ರತಿ ಹೆಜ್ಜೆಯ ಹಿಂದೆಯೂ ಒಂದೇ ಲೆಕ್ಕವಿದೆ: ಸೋಯಾದ ರುಚಿ ಉಳಿಯಬೇಕು, ಅದರ ನೀರು ಹೋಗಬೇಕು.

ಈ ಬಗೆಯ ಮಿಕ್ಸ್ ರೂಢಿಯಾದದ್ದು ಹವಾಯಿಯಲ್ಲಿ. ಕಬ್ಬಿನ ತೋಟಗಳ ಕೆಲಸಕ್ಕೆಂದು 1885ರಿಂದ ದೊಡ್ಡ ಸಂಖ್ಯೆಯಲ್ಲಿ ಅಲ್ಲಿಗೆ ಹೋದ ಜಪಾನಿಗಳ ಜೊತೆ ಅರಾರೆಯೂ ಹೋಯಿತು. ಅರಾರೆ ಅಂದರೆ ಆಲಿಕಲ್ಲು. ಅಂಟು ಅಕ್ಕಿಯ ಪುಟ್ಟ ಬಿಸ್ಕತ್ತಿಗೆ ಸೋಯಾ ಸವರಿದ ತಿಂಡಿ. ಹವಾಯಿಯಲ್ಲಿ ಅದನ್ನು ಮೋಚಿ ಕ್ರಂಚ್ ಎಂದೂ ಕರೆಯುತ್ತಾರೆ, ಪಾಪ್‌ಕಾರ್ನ್‌ಗೂ ಬೆರೆಸುತ್ತಾರೆ. ಇತ್ತ ಅಮೆರಿಕದಲ್ಲಿ 1950ರ ದಶಕದಿಂದ ಚೆಕ್ಸ್ ಎಂಬ ಸೀರಿಯಲ್‌ಗೆ ಬೆಣ್ಣೆ, ವೂಸ್ಟರ್‌ಶೈರ್ ಎಂಬ ಹುಳಿ-ಉಪ್ಪಿನ ಸಾಸ್ ಹಾಕಿ ಓವನ್‌ನಲ್ಲಿ ಒಣಗಿಸುವ ಪಾರ್ಟಿ ಮಿಕ್ಸ್ ಜನಪ್ರಿಯವಾಗಿತ್ತು. ಹವಾಯಿಯ ಅಡುಗೆಮನೆಗಳಲ್ಲಿ ಈ ಎರಡೂ ಒಂದಾದವು. ವೂಸ್ಟರ್‌ಶೈರ್ ಜಾಗಕ್ಕೆ ಸೋಯಾ ಸಾಸ್ ಮತ್ತು ಸಕ್ಕರೆ, ಮೇಲಿಂದ ಫುರಿಕಾಕೆ. ಫುರಿಕಾಕೆ ಎಂದರೆ ಎಳ್ಳು, ನೋರಿ ಎಂಬ ಕಡಲಪಾಚಿಯ ಹಾಳೆ, ಉಪ್ಪು, ಸಕ್ಕರೆ ಸೇರಿದ ಪುಡಿ. ಜಪಾನಿಗಳು ಅದನ್ನು ಬಿಸಿ ಅನ್ನದ ಮೇಲೆ ಉದುರಿಸಿಕೊಂಡು ಉಣ್ಣುತ್ತಾರೆ. ಅವರ ಚಟ್ನಿಪುಡಿ ಅಂದುಕೊಳ್ಳಿ.

ಬೇಕಾದ ಸಾಮಾನು

ಈ ಅಳತೆ ಹತ್ತು ಹನ್ನೆರಡು ಜನಕ್ಕೆ. ಒಂದು ಕಪ್ ಎಂದರೆ 240 ಮಿಲಿ, ದೊಡ್ಡ ಚಮಚ 15 ಮಿಲಿ, ಚಿಕ್ಕ ಚಮಚ 5 ಮಿಲಿ. ತಕ್ಕಡಿ ಇದ್ದರೆ ಗ್ರಾಂ ಲೆಕ್ಕವನ್ನೇ ನಂಬಿ. ಮಂಡಕ್ಕಿ, ಕಾರ್ನ್‌ಫ್ಲೇಕ್ಸ್‌ಗಳನ್ನು ಕಪ್‌ನಲ್ಲಿ ಒತ್ತಿ ತುಂಬಿದರೆ ಒಂದು ಅಳತೆ, ಸಡಿಲ ತುಂಬಿದರೆ ಇನ್ನೊಂದು.

ಓವನ್‌ಗೆ ಹೋಗುವವು:
- ಸಿಹಿ ಹಾಕದ ಕಾರ್ನ್‌ಫ್ಲೇಕ್ಸ್ 120 ಗ್ರಾಂ, ಸುಮಾರು 4 ಕಪ್
- ಮಂಡಕ್ಕಿ 60 ಗ್ರಾಂ, ಸುಮಾರು 4 ಕಪ್
- ಮಖಾನಾ 30 ಗ್ರಾಂ, ಸುಮಾರು 2 ಕಪ್
- ಕಡಲೆಕಾಯಿ ಬೀಜ 150 ಗ್ರಾಂ
- ಗೋಡಂಬಿ 75 ಗ್ರಾಂ

ಪಾಕಕ್ಕೆ:
- ಉಪ್ಪಿಲ್ಲದ ಬೆಣ್ಣೆ 75 ಗ್ರಾಂ
- ಸೂರ್ಯಕಾಂತಿ ಎಣ್ಣೆ 3 ದೊಡ್ಡ ಚಮಚ, ಮಂಡಕ್ಕಿಗೆ ಬೇರೆ 1 ದೊಡ್ಡ ಚಮಚ
- ಸಕ್ಕರೆ 50 ಗ್ರಾಂ
- ಲಿಕ್ವಿಡ್ ಗ್ಲೂಕೋಸ್ 2 ದೊಡ್ಡ ಚಮಚ
- ಸೋಯಾ ಸಾಸ್ 3 ದೊಡ್ಡ ಚಮಚ
- ಬೆಳ್ಳುಳ್ಳಿ ಪುಡಿ 1 ಚಿಕ್ಕ ಚಮಚ, ಶುಂಠಿ ಪುಡಿ ಅರ್ಧ ಚಿಕ್ಕ ಚಮಚ, ಚಿಲ್ಲಿ ಫ್ಲೇಕ್ಸ್ 1 ಚಿಕ್ಕ ಚಮಚ

ಕೊನೆಗೆ:
- ಬಿಳಿ ಎಳ್ಳು 3 ದೊಡ್ಡ ಚಮಚ, ಕಪ್ಪು ಎಳ್ಳು 1 ದೊಡ್ಡ ಚಮಚ
- ಸುಟ್ಟ ನೋರಿ ಹಾಳೆ 4
- ಜಪಾನಿ ಅಕ್ಕಿ ಬಿಸ್ಕತ್ತು 100 ಗ್ರಾಂ
- ವಸಾಬಿ ಬಟಾಣಿ (ವಸಾಬಿ ಎಂಬ ಜಪಾನಿ ಗೆಡ್ಡೆಯ ಘಾಟು ರುಚಿ ಹಚ್ಚಿದ ಗರಿಗರಿ ಬಟಾಣಿ) 100 ಗ್ರಾಂ

ಅಮೆರಿಕದಲ್ಲಿರುವವರಿಗೆ ರೈಸ್ ಚೆಕ್ಸ್ ಸುಲಭವಾಗಿ ಸಿಗುತ್ತದೆ. ಕಾರ್ನ್‌ಫ್ಲೇಕ್ಸ್, ಮಂಡಕ್ಕಿ ಎರಡರ ಬದಲೂ ಅದನ್ನೇ 180 ಗ್ರಾಂ ಹಾಕಬಹುದು. ಜಾಲರಿಯಂಥ ಆ ಚೌಕಗಳ ಸಂದಿಯಲ್ಲಿ ಪಾಕ ಚೆನ್ನಾಗಿ ಕೂರುತ್ತದೆ. ಬೆಂಗಳೂರಿನಲ್ಲಿ ಮಾಡುವವರು ಅದನ್ನೇ ಹುಡುಕಿ ದುಬಾರಿ ಬೆಲೆ ಕೊಡಬೇಕಿಲ್ಲ.

ಸಾಮಾನಿನ ವಿಷಯದಲ್ಲಿ ನಾಲ್ಕು ಕಡೆ ಎಚ್ಚರ ಬೇಕು. ಮೊದಲನೆಯದು ಸೋಯಾ ಸಾಸ್. ಫ್ರೈಡ್ ರೈಸ್‌ಗೆ ಬಳಸುವ ಕಪ್ಪನೆಯ ಡಾರ್ಕ್ ಸೋಯಾದಲ್ಲಿ ಬಣ್ಣಕ್ಕೆಂದು ಕ್ಯಾರಮೆಲ್ ಹಾಕಿರುತ್ತಾರೆ. ಅದನ್ನು ಬಳಸಿದರೆ ಮಿಕ್ಸ್ಚರ್ ಸೀದಂತೆ ಕಾಣುತ್ತದೆ, ನಿಜವಾಗಿ ಸೀದಾಗ ಗೊತ್ತೂ ಆಗುವುದಿಲ್ಲ. ಸೋಯಾ, ಗೋಧಿ, ಉಪ್ಪು, ನೀರು ಇಷ್ಟನ್ನೇ ಹುದುಗಿಸಿ ಮಾಡಿದ ಜಪಾನಿ ಮಾದರಿಯ ಸೋಯಾ ಸಾಸ್ ತನ್ನಿ. ಒಂದು ದೊಡ್ಡ ಚಮಚದಲ್ಲಿ ಎರಡು ಗ್ರಾಂಗೂ ಹೆಚ್ಚು ಉಪ್ಪಿರುತ್ತದೆ. ಅದಕ್ಕೇ ಈ ಪಟ್ಟಿಯಲ್ಲಿ ಬೇರೆ ಉಪ್ಪಿಲ್ಲ, ಬೆಣ್ಣೆಯೂ ಉಪ್ಪಿಲ್ಲದ್ದು.

ಎರಡನೆಯದು ಲಿಕ್ವಿಡ್ ಗ್ಲೂಕೋಸ್. ಬೇಕರಿ ಸಾಮಾನಿನ ಅಂಗಡಿಯಲ್ಲಿ ಡಬ್ಬಿಯಲ್ಲಿ ಸಿಗುತ್ತದೆ. ಹವಾಯಿಯ ಮನೆಗಳಲ್ಲಿ ಕಾರ್ನ್ ಸಿರಪ್ ಮಾಡುವ ಕೆಲಸವನ್ನೇ ಇದು ಮಾಡುತ್ತದೆ: ಸಕ್ಕರೆ ಮತ್ತೆ ಹರಳುಗಟ್ಟದಂತೆ ತಡೆದು, ಆರಿದ ಮೇಲೆ ಗಾಜಿನಂಥ ತೆಳು ಪದರ ಕೊಡುತ್ತದೆ. ಇದರ ಬದಲು ಜೇನುತುಪ್ಪ ಹಾಕೋಣ ಅನ್ನಿಸುವುದು ಸಹಜ. ಬೇಡ. ಜೇನಿನಲ್ಲಿರುವ ಫ್ರಕ್ಟೋಸ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಾಡಿದ ದಿನ ಗರಿಗರಿ ಇದ್ದದ್ದು ಮರುದಿನ ಬೆರಳಿಗೆ ಅಂಟುತ್ತದೆ. ಬೆಲ್ಲದ ಕತೆಯೂ ಅದೇ. ಗ್ಲೂಕೋಸ್ ಸಿಗದಿದ್ದರೆ ಅದನ್ನು ಬಿಟ್ಟು ಸಕ್ಕರೆಯನ್ನು 65 ಗ್ರಾಂಗೆ ಏರಿಸಿ. ಹೊಳಪು ಕಡಿಮೆಯಾಗುತ್ತದೆ, ಗರಿ ಉಳಿಯುತ್ತದೆ.

ಮೂರನೆಯದು ಎಳ್ಳು. ಉತ್ತರ ಕರ್ನಾಟಕದ ಅಂಗಡಿಯಲ್ಲಿ ಕಾರೆಳ್ಳು ಎಂದು ಕೇಳಿದರೆ ಹುಚ್ಚೆಳ್ಳು, ಅಂದರೆ ಗುರೆಳ್ಳು ಕೊಡುತ್ತಾರೆ. ಚಟ್ನಿಗೆ ಅದು ಸೊಗಸು, ಇಲ್ಲಿ ಕಹಿ. ಕಪ್ಪು ಬಣ್ಣದ ಎಳ್ಳು ಎಂದೇ ಕೇಳಿ.

ನಾಲ್ಕನೆಯದು ಸಸ್ಯಾಹಾರಿಗಳಿಗೆ. ಸೀಸೆಯಲ್ಲಿ ಬರುವ ಸಿದ್ಧ ಫುರಿಕಾಕೆಯಲ್ಲಿ ಬಹಳ ಸಲ ಬೊನಿಟೊ ಎಂಬ ಒಣಮೀನಿನ ಚೂರು ಇರುತ್ತದೆ, ವೂಸ್ಟರ್‌ಶೈರ್ ಸಾಸ್‌ನಲ್ಲೂ ಸಾಮಾನ್ಯವಾಗಿ ಮೀನಿರುತ್ತದೆ. ಈ ಪಟ್ಟಿಯಲ್ಲಿ ಎರಡೂ ಇಲ್ಲ. ಅಕ್ಕಿ ಬಿಸ್ಕತ್ತಿನ ಪೊಟ್ಟಣದಲ್ಲಿ ಕೆಲವೊಮ್ಮೆ ಸೀಗಡಿ ಪುಡಿ ಇರುತ್ತದೆ, ಹಿಂಬದಿ ಓದಿ ಕೊಳ್ಳಿ. ಮೀನಿಲ್ಲದೆಯೂ ಆ ತುಂಬು ರುಚಿ ಬೇಕೆಂದರೆ ಒಣಗಿದ ಶಿಟಾಕೆ ಅಣಬೆ ಎರಡನ್ನು ಮಿಕ್ಸಿಯಲ್ಲಿ ನುಣ್ಣಗೆ ಪುಡಿಮಾಡಿ ಪಾಕಕ್ಕೆ ಒಂದು ಚಿಕ್ಕ ಚಮಚ ಸೇರಿಸಿ. ಕಡಲಪಾಚಿಯ ಸಾರಿಗೆ ರುಚಿ ಕೊಡುವುದು ಗ್ಲುಟಮೇಟ್ ಎಂದು ಟೋಕಿಯೋದ ರಸಾಯನಶಾಸ್ತ್ರಜ್ಞ ಕಿಕುನಾಯೆ ಇಕೆಡಾ 1908ರಲ್ಲಿ ಕಂಡುಹಿಡಿದು ಆ ರುಚಿಗೆ ಉಮಾಮಿ ಎಂದು ಹೆಸರಿಟ್ಟರು. ಸೋಯಾ ಸಾಸ್‌ನಲ್ಲೂ ಗ್ಲುಟಮೇಟ್ ಧಾರಾಳ. ಒಣ ಶಿಟಾಕೆಯಲ್ಲಿರುವ ಗ್ವಾನಿಲೇಟ್ ಎಂಬ ಅಂಶ ಜೊತೆಗೂಡಿದರೆ ಆ ರುಚಿ ಹಲವು ಪಟ್ಟು ಎದ್ದು ಕಾಣುತ್ತದೆ.

ಜಪಾನಿ ಬಿಸ್ಕತ್ತಿನಲ್ಲಿ ಚೆನ್ನಾಗಿ ಹೊಂದುವುದು ಕಾಕಿ ನೊ ತಾನೆ, ಅರ್ಧಚಂದ್ರದಂತೆ ಬಾಗಿದ ಖಾರದ ತುಣುಕು. ಹೆಸರಿನ ಅರ್ಥ ಪರ್ಸಿಮನ್ ಹಣ್ಣಿನ ಬೀಜ. 1920ರ ದಶಕದಲ್ಲಿ ನೀಗಾತ ಪ್ರಾಂತ್ಯದ ನಾಗಓಕದಲ್ಲಿ ಹುಟ್ಟಿದ್ದು. ಈಗ ಜಪಾನಿನಲ್ಲಿ ಕಡಲೆಕಾಯಿ ಬೀಜದ ಜೊತೆ ಬೆರೆಸಿಯೇ ಹೆಚ್ಚು ಮಾರಾಟವಾಗುತ್ತದೆ. ಸಿಗದಿದ್ದರೆ ಅಕ್ಕಿಹಿಟ್ಟಿನ ಕೋಡುಬಳೆಯನ್ನು ಅರ್ಧ ಇಂಚಿನ ತುಂಡಾಗಿ ಮುರಿದು ಹಾಕಿ. ಓಂಕಾಳು, ಇಂಗು ಹಾಕದ್ದಾಗಿರಲಿ. ಇಂಗಿನ ವಾಸನೆ ನೋರಿಯ ಪಕ್ಕದಲ್ಲಿ ಕೂರುವುದಿಲ್ಲ.

ಮೊದಲ ಸುತ್ತು: ಒಣಗಿಸಿ ಇಟ್ಟುಕೊಳ್ಳುವುದು

ಮಂಡಕ್ಕಿಯನ್ನು ಜರಡಿಯಲ್ಲಿ ಆಡಿಸಿ ಮರಳು, ನುಚ್ಚು ತೆಗೆಯಿರಿ. ನುಚ್ಚು ಉಳಿದರೆ ಪಾಕವನ್ನೆಲ್ಲ ಅದೇ ಕುಡಿದು ಉಂಡೆ ಕಟ್ಟುತ್ತದೆ. ಎರಡು ಬೆರಳ ನಡುವೆ ಒಂದು ಕಾಳು ಹಿಡಿದು ಒತ್ತಿ. ಸದ್ದು ಮಾಡಿ ಪುಡಿಯಾದರೆ ಸರಿ, ಚಪ್ಪಟೆಯಾಗಿ ಮತ್ತೆ ಉಬ್ಬಿದರೆ ತೇವ ಹಿಡಿದಿದೆ ಎಂದರ್ಥ. 120 ಡಿಗ್ರಿ ಓವನ್‌ನಲ್ಲಿ ಎಂಟು ನಿಮಿಷ ಇಡಿ. ಮಳೆಗಾಲದಲ್ಲಿ ಪರೀಕ್ಷೆಯೇ ಬೇಡ, ಕಣ್ಮುಚ್ಚಿ ಒಣಗಿಸಿ. ಮಂಡಕ್ಕಿಯಲ್ಲೇ ಉಪ್ಪು ಹೆಚ್ಚಿದ್ದರೆ ಸೋಯಾ ಸಾಸ್ ಅರ್ಧ ದೊಡ್ಡ ಚಮಚ ಇಳಿಸಿ.

ಕಡಲೆಕಾಯಿ ಬೀಜ ಹಸಿಯದಾದರೆ 160 ಡಿಗ್ರಿಯಲ್ಲಿ 12ರಿಂದ 15 ನಿಮಿಷ ಬೇರೆಯಾಗಿ ಹುರಿಯಿರಿ. ಮುಂದಿನ ಒಂದು ಗಂಟೆಯ ಸಣ್ಣ ಶಾಖದಲ್ಲಿ ಅದೂ ಹುರಿಯುತ್ತದೆ ಎಂದು ನಂಬಿದರೆ ಮೋಸ: ಹೊರಗೆ ಸೋಯಾ ಬಣ್ಣ ಬಂದು ಬೆಂದಂತೆ ಕಾಣುತ್ತದೆ, ಕಚ್ಚಿದರೆ ಒಳಗೆ ಹಸಿಹಸಿ. ಗೋಡಂಬಿಯನ್ನು ಕೊನೆಯ ಆರು ನಿಮಿಷಕ್ಕೆ ಅದೇ ಟ್ರೇಗೆ ಸೇರಿಸಿದರೆ ಸಾಕು. ಮಖಾನಾವನ್ನು ಸಣ್ಣ ಉರಿಯಲ್ಲಿ ಎಣ್ಣೆ ಹಾಕದೆ ಎಂಟು ಹತ್ತು ನಿಮಿಷ ಬೆಚ್ಚಗೆ ಮಾಡಿ, ಮುರಿದರೆ ಟಕ್ ಎನ್ನುವವರೆಗೆ. ಎರಡು ಬಗೆಯ ಎಳ್ಳನ್ನೂ ಹುರಿದಿಡಿ. ಕಪ್ಪು ಎಳ್ಳು ಹುರಿದದ್ದು ಕಣ್ಣಿಗೆ ಗೊತ್ತಾಗುವುದಿಲ್ಲ. ಬಿಳಿಯದರ ಜೊತೆಗೇ ಹಾಕಿ, ಬಿಳಿಯದು ಹೊಂಬಣ್ಣಕ್ಕೆ ಬಂದು ಚಟಪಟ ಅಂದಾಗ ಎರಡನ್ನೂ ಇಳಿಸಿ.

ನೋರಿ ಹಾಳೆಯನ್ನು ಕತ್ತರಿಯಿಂದ ಮೊದಲು ಉದ್ದ ಪಟ್ಟಿ, ಆಮೇಲೆ ಅರ್ಧ ಸೆಂಟಿಮೀಟರ್ ಚೂರು ಮಾಡಿ. ಕೈ ಒಣಗಿರಲಿ. ಒದ್ದೆ ಬೆರಳು ತಗುಲಿದ ಹಾಳೆ ಅಲ್ಲೇ ಸುರುಟಿ ಕತ್ತರಿಗೆ ಮೆತ್ತಿಕೊಳ್ಳುತ್ತದೆ.

ಪಾಕ

ದಪ್ಪ ತಳದ ಸಣ್ಣ ಪಾತ್ರೆಯಲ್ಲಿ ಬೆಣ್ಣೆ, ಎಣ್ಣೆ, ಸಕ್ಕರೆ, ಗ್ಲೂಕೋಸ್, ಸೋಯಾ ಸಾಸ್ ಒಟ್ಟಿಗೆ ಹಾಕಿ ಸಣ್ಣ ಉರಿಯಲ್ಲಿಡಿ. ಸಕ್ಕರೆ ಪೂರ್ತಿ ಕರಗಬೇಕು. ಚಮಚದ ಬೆನ್ನಿನಲ್ಲಿ ತಳ ಉಜ್ಜಿದಾಗ ಹರಳಿನ ಸದ್ದು ಬರಬಾರದು. ಕುದಿ ಬಂದ ಮೇಲೆ ಎರಡು ನಿಮಿಷ, ಗಡಿಯಾರ ನೋಡಿಯೇ. ಮೊದಲು ನೀರಿನಂಥ ದೊಡ್ಡ ಗುಳ್ಳೆಗಳು ಏಳುತ್ತವೆ, ಆಮೇಲೆ ಅವು ಸಣ್ಣಗಾಗಿ ನೊರೆಯಂತೆ ಮೇಲೇರುತ್ತವೆ. ಆಗ ಇಳಿಸಿ. ಸೋಯಾದ ನೀರಿನಲ್ಲಿ ಒಂದಷ್ಟು ಇಲ್ಲೇ ಹೋಯಿತು. ಇನ್ನೂ ಕುದಿಸಿದರೆ ಸೋಯಾ ತಳ ಹತ್ತಿ ಕಹಿಯಾಗುತ್ತದೆ. ಪಾಕ ಮೊದಲೇ ಕಂದು ಬಣ್ಣದ್ದಾದ್ದರಿಂದ ಬಣ್ಣ ನೋಡಿ ಹದ ಹೇಳಲು ಬರುವುದಿಲ್ಲ. ಒಲೆ ಆರಿಸಿದ ಮೇಲೆ ಬೆಳ್ಳುಳ್ಳಿ ಪುಡಿ, ಶುಂಠಿ ಪುಡಿ, ಚಿಲ್ಲಿ ಫ್ಲೇಕ್ಸ್ ಬೆರೆಸಿ. ಬೆಳ್ಳುಳ್ಳಿ ಪುಡಿ ಕುದಿಯುವ ಬೆಣ್ಣೆಯಲ್ಲಿ ಬೇಗ ಸೀಯುತ್ತದೆ. ಹಸಿ ಬೆಳ್ಳುಳ್ಳಿ, ಹಸಿ ಶುಂಠಿ ಹಾಕಲೇಬೇಡಿ, ಅವುಗಳೊಳಗಿನ ನೀರು ಮತ್ತೆ ಹೊಸ ತಲೆನೋವು.

ಈ ಪಾಕ ಒಂದು ನಿಮಿಷ ಸುಮ್ಮನೆ ಕೂತರೂ ಒಡೆಯುತ್ತದೆ: ಜಿಡ್ಡು ಮೇಲೆ, ಸೋಯಾ ಕೆಳಗೆ. ನೋಡದೆ ಸುರಿದರೆ ಮೊದಲರ್ಧ ಮಿಕ್ಸ್ಚರ್‌ಗೆ ಬರೀ ಜಿಡ್ಡು, ಕೊನೆಯರ್ಧಕ್ಕೆ ಬರೀ ಉಪ್ಪು. ಪ್ರತಿ ಸಲ ಸೌಟು ಅದ್ದುವ ಮುಂಚೆ ತಳದಿಂದ ಕಡೆಯಿರಿ.

ಕಲೆಸುವ ಸರದಿ

ಎಂಟು ಹತ್ತು ಲೀಟರಿನ ಅಗಲ ಬಾಯಿಯ ಪಾತ್ರೆ ಬೇಕು. ಇಕ್ಕಟ್ಟಿನ ಪಾತ್ರೆಯಲ್ಲಿ ಕಲೆಸಲು ಹೋದರೆ ಕಾರ್ನ್‌ಫ್ಲೇಕ್ಸ್ ಪುಡಿಯಾಗುತ್ತದೆ. ಮಂಡಕ್ಕಿಯನ್ನು ಬೇರೆ ಪಾತ್ರೆಯಲ್ಲಿ ಆ ಒಂದು ದೊಡ್ಡ ಚಮಚ ಎಣ್ಣೆಯ ಜೊತೆ ಕೈಯಿಂದ ಹಗುರವಾಗಿ ತಿರುವಿಡಿ. ಈ ಎಣ್ಣೆಯ ಪದರ ಕಾಳಿಗೆ ಕೊಡೆ ಹಿಡಿದಂತೆ. ಮೇಲೆ ಬೀಳುವ ಸೋಯಾ ಒಳಗೆ ಇಳಿಯುವ ಮುಂಚೆ ಓವನ್ ಸೇರಲು ಸಮಯ ಕೊಡುತ್ತದೆ.

ದೊಡ್ಡ ಪಾತ್ರೆಗೆ ಮೊದಲು ಕಡಲೆಕಾಯಿ ಬೀಜ, ಗೋಡಂಬಿ, ಮಖಾನಾ. ಅರ್ಧ ಪಾಕ ಹಾಕಿ ತಿರುವಿ. ಆಮೇಲೆ ಕಾರ್ನ್‌ಫ್ಲೇಕ್ಸ್, ಉಳಿದ ಪಾಕ. ಮಂಡಕ್ಕಿ ಎಲ್ಲಕ್ಕಿಂತ ಕೊನೆಗೆ. ಪಾತ್ರೆಯ ಗೋಡೆಗೆ, ಉಳಿದ ಸಾಮಾನಿಗೆ ಮೆತ್ತಿರುವ ಪಾಕವನ್ನು ಅದು ಒರೆಸಿಕೊಳ್ಳುತ್ತದೆ, ಅಷ್ಟೇ ಸಾಕು. ಎರಡು ಸೌಟು ಹಿಡಿದು ತಳದಿಂದ ಎತ್ತಿ ಎತ್ತಿ ಬಿಡಿ, ಸುತ್ತಿಸಬೇಡಿ. ಎಲ್ಲ ಸೇರಿ ಎರಡು ಮೂರು ನಿಮಿಷದೊಳಗೆ ಮುಗಿಯಬೇಕು.

ನಿಮ್ಮ ಓಟಿಜಿಯಲ್ಲಿ ಒಂದೇ ಟ್ರೇ ಹಿಡಿಯುವುದಾದರೆ ಅರ್ಧ ಸಾಮಾನಿಗೆ ಅರ್ಧ ಪಾಕ ಮಾತ್ರ ಕಲೆಸಿ. ಪೂರ್ತಿ ಕಲೆಸಿ ಅರ್ಧವನ್ನು ಪಕ್ಕಕ್ಕಿಟ್ಟರೆ ಅದು ಸರದಿ ಬರುವಷ್ಟರಲ್ಲಿ ಮೆತ್ತಗಾಗಿರುತ್ತದೆ. ಉಳಿದ ಪಾಕವನ್ನು ಎರಡನೇ ಸುತ್ತಿಗೆ ಬೆಚ್ಚಗೆ ಮಾಡಿ ಕಡೆದು ಬಳಸಿ.

ಓವನ್

120 ಡಿಗ್ರಿ ಸೆಲ್ಸಿಯಸ್, ಮೇಲೆ ಕೆಳಗೆ ಎರಡೂ ರಾಡ್, ಫ್ಯಾನ್ ಆರಿಸಿ. ಚಿಕ್ಕ ಓವನ್‌ನ ಫ್ಯಾನ್ ಮಂಡಕ್ಕಿಯನ್ನು ಹಾರಿಸಿ ರಾಡಿನ ಮೇಲೆ ಬೀಳಿಸುತ್ತದೆ, ಹೊಗೆ ಏಳುತ್ತದೆ. ಹದಿನೈದು ನಿಮಿಷ ಮೊದಲೇ ಕಾಯಿಸಿ. ಟ್ರೇಗೆ ಬೇಕಿಂಗ್ ಪೇಪರ್ ಹಾಸಿ, ಮಿಕ್ಸ್ಚರ್ ಎರಡು ಬೆರಳ ದಪ್ಪ ಮೀರದಂತೆ ಹರಡಿ. ಗುಡ್ಡೆ ಹಾಕಿದರೆ ನಡುವೆ ಆವಿ ಸಿಕ್ಕಿಬಿದ್ದು ಬೇಯುತ್ತದೆಯೇ ಹೊರತು ಒಣಗುವುದಿಲ್ಲ.

ಬೇಗ ಆಗಲಿ ಎಂದು 160ಕ್ಕೆ ಏರಿಸುವ ಆಸೆ ಬೇಡ. ಸೋಯಾದಲ್ಲಿರುವ ಅಮೈನೊ ಆಮ್ಲ, ಪಾಕದ ಸಕ್ಕರೆ ಎರಡೂ ಸೇರಿ ಹೆಚ್ಚು ಶಾಖದಲ್ಲಿ ಬಹಳ ಬೇಗ ಕಪ್ಪಾಗುತ್ತವೆ; ನೀರು ಹೋಗುವ ಮುಂಚೆಯೇ ಹೊರಭಾಗ ಸೀಯುತ್ತದೆ.

ಹದಿನೈದು ನಿಮಿಷಕ್ಕೊಮ್ಮೆ ಟ್ರೇ ಹೊರತೆಗೆದು ಕೆಳಗಿನದನ್ನು ಮೇಲಕ್ಕೆ, ಅಂಚಿನದನ್ನು ನಡುವಿಗೆ ತಿರುಗಿಸಿ. ನಾಲ್ಕು ಮೂಲೆಗಳೇ ಮೊದಲು ಕಪ್ಪಾಗುವುದು. ಮೊದಲ ಸಲ ತಿರುವುವಾಗ ಎಲ್ಲ ಒದ್ದೆಯಾಗಿ, ಕೆಟ್ಟೇಹೋಯಿತು ಅನ್ನಿಸುವಂತಿರುತ್ತದೆ. ಎರಡನೇ ಸಲಕ್ಕೆ ಅಂಟಂಟು. ಮೂರನೇ ಸಲ, ಅಂದರೆ 45 ನಿಮಿಷಕ್ಕೆ, ಸೌಟಿಗೆ ತಗುಲಿದಾಗ ಸರಸರ ಸದ್ದು ಬರುತ್ತದೆ. ಎಳ್ಳು, ನೋರಿ ಉದುರಿಸುವ ಹೊತ್ತು ಅದೇ. ಪಾಕ ಇನ್ನೂ ಸ್ವಲ್ಪ ಜಿಗುಟಾಗಿರುವುದರಿಂದ ಎರಡೂ ಹಿಡಿದುಕೊಳ್ಳುತ್ತವೆ. ನೋರಿಯನ್ನು ಮೊದಲೇ ಹಾಕಿದರೆ ಒಂದು ಗಂಟೆಯ ಶಾಖಕ್ಕೆ ಅದರ ಘಮ ಹೋಗಿ ಕಹಿ ಉಳಿಯುತ್ತದೆ. ಪೂರ್ತಿ ಆರಿದ ಮೇಲೆ ಹಾಕಿದರೆ ಡಬ್ಬಿಯ ತಳ ಸೇರುತ್ತದೆ.

ಇನ್ನು ಹತ್ತು ಹದಿನೈದು ನಿಮಿಷ. ಹದ ನೋಡುವುದು ಓವನ್‌ನಿಂದ ತೆಗೆದು ನೇರ ಬಾಯಿಗೆ ಹಾಕಿಕೊಂಡಲ್ಲ: ಬಿಸಿ ಸಕ್ಕರೆ ಯಾವಾಗಲೂ ಮೆತ್ತಗೇ ಇರುತ್ತದೆ. ಐದಾರು ಚೂರನ್ನು ಸ್ಟೀಲ್ ತಟ್ಟೆಗೆ ಹಾಕಿ ಮೂರು ನಿಮಿಷ ಆರಿಸಿ ಕಚ್ಚಿ. ಮಂಡಕ್ಕಿ ಹಲ್ಲಿಗೆ ಅಂಟಿದರೆ ಇನ್ನೊಂದು ಎಂಟು ನಿಮಿಷ.

ಹೊರತೆಗೆದ ಮೇಲೆ ಮೊದಲ ಐದು ನಿಮಿಷದಲ್ಲಿ ಎರಡು ಸಲ ಕೆದಕಿ. ಗಟ್ಟಿಯಾದ ಮೇಲೆ ಉಂಡೆ ಬಿಡಿಸಲು ಹೋದರೆ ಪುಡಿಯಾಗುತ್ತದೆ. ಅರ್ಧ ಗಂಟೆಗೆ ಪೂರ್ತಿ ತಣ್ಣಗಾಗುತ್ತದೆ. ಆಗ ಅಕ್ಕಿ ಬಿಸ್ಕತ್ತು, ವಸಾಬಿ ಬಟಾಣಿ ಬೆರೆಸಿ. ಎರಡೂ ಮೊದಲೇ ಒಣಗಿದ ಸಾಮಾನು, ಓವನ್ ಬೇಕಿಲ್ಲ. ಮೂಗಿಗೆ ಹತ್ತುವ ವಸಾಬಿಯ ಘಾಟು ಆವಿಯಾಗಿ ಹೋಗುವಂಥದ್ದು, ಶಾಖ ತಗುಲಿದರೆ ಬಟಾಣಿಯಲ್ಲಿ ಹಸಿರು ಬಣ್ಣವಷ್ಟೇ ಉಳಿಯುತ್ತದೆ. ಅಂದಹಾಗೆ, ಪೊಟ್ಟಣದ ವಸಾಬಿಯಲ್ಲಿ ಬಹುತೇಕ ಇರುವುದು ಘಾಟು ಬೇರಾದ ಹಾರ್ಸ್‌ರ‍್ಯಾಡಿಶ್, ಸಾಸಿವೆ. ನಿಜವಾದ ವಸಾಬಿ ಗೆಡ್ಡೆ ದುಬಾರಿ.

ಓವನ್ ಇಲ್ಲದಿದ್ದರೆ

ಬಾಣಲೆಯಲ್ಲೂ ಆಗುತ್ತದೆ, ಆದರೆ ಲೆಕ್ಕ ತಿರುಗುಮುರುಗು. ಓವನ್‌ನಲ್ಲಿ ಪಾಕ ಹಾಕಿದ ಮೇಲೆ ನೀರು ಒಣಗಿಸುತ್ತೇವೆ. ಇಲ್ಲಿ ನೀರು ಒಣಗಿಸಿದ ಮೇಲೆಯೇ ಸಾಮಾನು ಹಾಕಬೇಕು. ಮೇಲಿನ ಅಳತೆಯ ಅರ್ಧ ಮಾತ್ರ ತೆಗೆದುಕೊಳ್ಳಿ. ಎಲ್ಲ ಒಣ ಸಾಮಾನನ್ನೂ ಬೇರೆ ಬೇರೆ ಹುರಿದು ಬೆಚ್ಚಗಿಡಿ. ದಪ್ಪ ಬಾಣಲೆಯಲ್ಲಿ ಪಾಕವನ್ನು ಸಣ್ಣ ಉರಿಯಲ್ಲಿ ಕುದಿಸುತ್ತಾ, ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ನೋಡಿ: ಬೆರಳಿಗೆ ಮೆತ್ತನೆ ಉಂಡೆಯಾಗಿ ಸಿಗಬೇಕು. ಥರ್ಮಾಮೀಟರ್ ಇದ್ದರೆ ಸುಮಾರು 115 ಡಿಗ್ರಿ. ಕೂಡಲೇ ಮಸಾಲೆ ಪುಡಿ, ಸಾಮಾನು ಸುರಿದು, ಉರಿ ಅತಿ ಸಣ್ಣಗಿಟ್ಟು ಹತ್ತು ಹನ್ನೆರಡು ನಿಮಿಷ ಬಿಡದೆ ತಿರುವಿ, ಕೊನೆಯ ಎರಡು ನಿಮಿಷಕ್ಕೆ ಎಳ್ಳು, ನೋರಿ. ಓವನ್‌ನಷ್ಟು ಸಮವಾಗಿ ಬರುವುದಿಲ್ಲ, ಒಂದೊಂದು ಚೂರು ಹೆಚ್ಚು ಸಿಹಿ ಸಿಗುತ್ತದೆ. ತಿನ್ನುವವರು ದೂರುವುದಿಲ್ಲ.

ಎಡವಟ್ಟಾದರೆ

ಮೆತ್ತಗಾಗಿದ್ದರೆ 110 ಡಿಗ್ರಿಯಲ್ಲಿ ಹತ್ತು ನಿಮಿಷ ಮತ್ತೆ ಇಟ್ಟು ಆರಿಸಿ. ವಸಾಬಿ ಬಟಾಣಿಯನ್ನು ಮೊದಲು ಆಯ್ದು ತೆಗೆಯಿರಿ. ಹೀಗೆ ಮಾಡಿದ ಮೇಲೂ ಅಂಟಿದರೆ ಪಾಕದಲ್ಲಿ ಜೇನೋ ಬೆಲ್ಲವೋ ಇದೆ. ಅವತ್ತೇ ತಿಂದು ಮುಗಿಸುವುದೊಂದೇ ದಾರಿ. ಉಪ್ಪು ಹೆಚ್ಚಾದರೆ ಒಣಗಿಸಿದ ಸಪ್ಪೆ ಮಂಡಕ್ಕಿ ಒಂದೆರಡು ಕಪ್ ಬೆರೆಸಿ. ಆರಿದ ಮೇಲೆ ಬಿಳಿ ಪುಡಿ ಹಿಡಿದಂತೆ ಕಂಡರೆ ಸಕ್ಕರೆ ಪೂರ್ತಿ ಕರಗಿರಲಿಲ್ಲ, ರುಚಿಗೇನೂ ತೊಂದರೆಯಿಲ್ಲ. ಪೇಪರ್ ಮೇಲೆ ಎಣ್ಣೆ ಮಡುಗಟ್ಟಿದ್ದರೆ ಪಾಕ ಒಡೆದಿತ್ತು. ಸೀದ ಕಹಿ ಬಂದಿದ್ದರೆ ಉಪಾಯವಿಲ್ಲ. ಮೂಲೆಯ ಕಪ್ಪು ಚೂರುಗಳನ್ನು ಆಯ್ದು ಬಿಸಾಡಿ, ಉಳಿದದ್ದು ಬಚಾವಾಗಬಹುದು.

ಪಾರ್ಟಿಗೆ ಇಡುವಾಗ ಕಡಲೆಕಾಯಿ, ಗೋಡಂಬಿ, ಎಳ್ಳು, ಸೋಯಾ, ಗೋಧಿ, ಬೆಣ್ಣೆ ಇದೆ ಎಂದು ಒಂದು ಚೀಟಿ ಇಡಿ. ಗೋಧಿ ಎಲ್ಲಿ ಬಂತು ಎಂದರೆ ಸೋಯಾ ಸಾಸ್‌ನಲ್ಲಿ. ಗೋಧಿ ಆಗದವರಿಗೆ ಗೋಧಿಯಿಲ್ಲದ ತಮಾರಿ ಎಂಬ ಸೋಯಾ ಸಾಸ್ ಬಳಸಿ, ಅಕ್ಕಿ ಬಿಸ್ಕತ್ತು, ವಸಾಬಿ ಬಟಾಣಿ, ಕಾರ್ನ್‌ಫ್ಲೇಕ್ಸ್ ಪೊಟ್ಟಣಗಳನ್ನೂ ಓದಿ, ಬಿಸ್ಕತ್ತಿಗೂ ಸೋಯಾ ಸವರಿರುತ್ತಾರೆ, ಕಾರ್ನ್‌ಫ್ಲೇಕ್ಸ್‌ನಲ್ಲಿ ಬಾರ್ಲಿ ಮಾಲ್ಟ್ ಇರುವುದುಂಟು. ನಾಲ್ಕೈದು ವರ್ಷದೊಳಗಿನ ಮಕ್ಕಳ ಕೈಗೆ ಕಡಲೆಕಾಯಿ, ಬಟಾಣಿ ಸಿಗದಂತೆ ನೋಡಿಕೊಳ್ಳಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಇಡೀ ಡಬ್ಬಿ ಒಮ್ಮೆಗೇ ಬೋಗುಣಿಗೆ ಸುರಿಯಬೇಡಿ, ಮಳೆಗಾಲದ ಸಂಜೆ ತೆರೆದಿಟ್ಟ ಮಿಕ್ಸ್ಚರ್ ಒಂದೆರಡು ಗಂಟೆಗೇ ಸೋಲುತ್ತದೆ.

ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ ಎರಡು ವಾರ ಚೆನ್ನಾಗಿರುತ್ತದೆ. ಮಂಗಳೂರು, ಕಾರವಾರದಂಥ ಕಡೆ ಒಂದು ದೊಡ್ಡ ಡಬ್ಬಿಯ ಬದಲು ನಾಲ್ಕು ಚಿಕ್ಕವು ಮಾಡಿ. ಪ್ರತಿ ಸಲ ಮುಚ್ಚಳ ತೆಗೆದಾಗಲೂ ಕಡಲಗಾಳಿ ಒಳಗೆ ಹೋಗುತ್ತದೆ. ಫ್ರಿಜ್‌ನಲ್ಲಿ ಬೇಡ, ಹೊರತೆಗೆದಾಗ ತಣ್ಣನೆಯ ಚೂರಿನ ಮೇಲೆ ನೀರು ಕೂರುತ್ತದೆ. ಡಬ್ಬಿ ಖಾಲಿಯಾದಾಗ ತಳದಲ್ಲಿ ಎಳ್ಳು, ನೋರಿ ಚೂರು, ಸೋಯಾ ಹತ್ತಿದ ಮಂಡಕ್ಕಿ ನುಚ್ಚು ಮೂರು ನಾಲ್ಕು ಚಮಚದಷ್ಟು ಉಳಿದಿರುತ್ತದೆ. ಅದನ್ನು ಕೊಡವಿ ಚೆಲ್ಲಬೇಡಿ. ಬಿಸಿ ಅನ್ನಕ್ಕೆ ತುಪ್ಪ ಹಾಕಿ ಮೇಲೆ ಉದುರಿಸಿಕೊಳ್ಳಿ.